ಮೈಲಿಗಲ್ಲಿನ ಹತ್ತಿರ ನಿಲ್ಲುತ್ತಿದ್ದ ಕಾರು

ಆ ಕಾರು ನನ್ನ ಗ್ಯಾರೇಜಿಗೆ ಮೊದಲ ಸಲ ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ನನ್ನ ಗ್ಯಾರೇಜು. ಎರಡು ಸಾವಿರದ ಇಸವಿಯ ಆಚೀಚೆ ಅಲ್ಲಿಗೆ ಬರುತ್ತಿದ್ದದ್ದು ಬಿಳಿಗೆರೆ, ಚಿಕ್ಕಯ್ಯನಛತ್ರದ ಕಡೆಯ ಟ್ರ್ಯಾಕ್ಟರು, ಗೂಡ್ಸ್ ಆಟೋ, ಇವತ್ತೋ ನಾಳೆಯೋ ಅನ್ನುವಂಥ ಡೀಸೆಲ್ ಟ್ಯಾಕ್ಸಿ. ಹೊರದೇಶದ ಕಾರು ಬಂತೆಂದರೆ ಸಾಲಿನ ಅಂಗಡಿಯವರೆಲ್ಲ ಕೆಲಸ ಬಿಟ್ಟು ಬಂದು ಸುತ್ತ ನಿಲ್ಲಬೇಕಿತ್ತು. ಅವತ್ತು ಒಬ್ಬನೂ ಬರಲಿಲ್ಲ. ಟ್ರ್ಯಾಕ್ಟರಿನವನು ಹಗ್ಗ ಬಿಚ್ಚಿದವನೇ, ಟೀ ಕುಡಿದು ಹೋಗಯ್ಯ ಎಂದರೂ ಕೇಳಲಿಲ್ಲ.

"ನಂಗೂ ಇದ್ಕೂ ಸಂಬಂದ ಇಲ್ಲ ಸಾ. ದಾರೀಲಿ ನಿಂತಿತ್ತು, ಎಳ್ಕಂಡ್ ಬಂದೆ, ಅಷ್ಟೆಯ" ಎಂದು ಹೊರಟೇಹೋದ.

ಸ್ಟೀರಿಂಗ್ ಹಿಡಿದು ಕೂತಿದ್ದವರು ಒಬ್ಬ ಹೆಣ್ಣುಮಗಳು. ಬಾಗಿಲು ತೆಗೆದು ಮೊದಲು ಊರುಗೋಲು ಕೆಳಗಿಟ್ಟು, ಆಮೇಲೆ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟು ಇಳಿದರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಆ ಕಾಲಿನಲ್ಲಿ ಶಕ್ತಿ ಇರಲಿಲ್ಲ. ಹೆಮ್ಮರಗಾಲದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆ ನರಸೀಪುರದ ಹತ್ತಿರ.

"ಎಂಜಿನ್ ಓಡ್ತದೆ ಮೇಸ್ತ್ರಿ, ಕಾರು ಮಾತ್ರ ಮುಂದಕ್ಕೆ ಹೋಗಲ್ಲ" ಎಂದರು.

ನಾನು ಹತ್ತಿ ಕೂತೆ. ಕಾಲ ಬುಡದಲ್ಲಿ ಎರಡೇ ಪೆಡಲು, ಕ್ಲಚ್ ಇಲ್ಲ. ಗೇರ್ ಕಡ್ಡಿಯ ಪಕ್ಕ ಇಂಗ್ಲಿಷಿನ ನಾಲ್ಕು ಅಕ್ಷರ: ನಿಲ್ಲಿಸಿ ಇಡಲು ಪಿ, ಹಿಂದಕ್ಕೆ ಆರ್, ನ್ಯೂಟ್ರಲ್‌ಗೆ ಎನ್, ಮುಂದಕ್ಕೆ ಡಿ. ಡಿಗೆ ಹಾಕಿದರೆ ಸಾಕು, ಗೇರನ್ನು ಅದೇ ಬದಲಾಯಿಸಿಕೊಳ್ಳುತ್ತದೆ. ಬ್ರೇಕಿನಿಂದ ಕಾಲು ತೆಗೆದರೆ ಆಕ್ಸಿಲರೇಟರ್ ಮುಟ್ಟದಿದ್ದರೂ ಕಾರು ಮೆಲ್ಲಗೆ ತೆವಳಲು ಶುರುಮಾಡುತ್ತದೆ. ಇಂಥದ್ದರ ಬಗ್ಗೆ ಕೇಳಿದ್ದೆ, ಕೈಯಿಟ್ಟು ಕೆಲಸ ಮಾಡಿರಲಿಲ್ಲ. ಸೆಲ್ಫ್ ಹೊಡೆದು, ಡಿಗೆ ಹಾಕಿ, ಬ್ರೇಕ್ ಬಿಟ್ಟೆ. ಕಾರು ಬೆಣ್ಣೆಯ ಹಾಗೆ ಮುಂದಕ್ಕೆ ಹೋಯಿತು. ಒಂದು ಸುತ್ತು ಹೊಡೆದು ಬಂದು ನಿಲ್ಲಿಸಿ ನಕ್ಕೆ.

"ಚೆನ್ನಾಗೇ ಹೋಗ್ತಿದೆಯಲ್ಲ ಮೇಡಂ!"

"ಇಲ್ಲಿ ಹೋಗ್ತದೆ ಮೇಸ್ತ್ರಿ. ಅಲ್ಲಿ ಹೋಗಲ್ಲ" ಎಂದರು. ಅವರು ನಗಲಿಲ್ಲ.

ಅಲ್ಲಿ ಎಂದರೆ ನರಸೀಪುರದ ಕಡೆಯಿಂದ ಬರುವಾಗ ನಾಲೆಯ ಸೇತುವೆ ದಾಟಿದ ಮೇಲೆ ಸಿಗುವ ಏರು. ಏರಿನ ಅರ್ಧದಲ್ಲಿ, ರಸ್ತೆಯ ಎಡಕ್ಕೆ ಒಂದು ಹಳೆಯ ಮೈಲಿಗಲ್ಲು. ಟೀಚರಮ್ಮ ಬೆಂಚಿನ ಮೇಲೆ ಕೂತು, ಪಾಠ ಹೇಳುವವರ ಹಾಗೆ ಎಲ್ಲವನ್ನೂ ಮೊದಲಿನಿಂದ ಹೇಳಿದರು.

ಅವರ ಅಣ್ಣ ಇಲ್ಲಿಯ ಕಾರ್ಖಾನೆಯೊಂದರಲ್ಲಿ ವಿದೇಶಿ ಎಂಜಿನಿಯರ್ ಒಬ್ಬರಿಗೆ ಡ್ರೈವರಾಗಿದ್ದ. ಆ ಎಂಜಿನಿಯರ್ ತಮ್ಮ ದೇಶಕ್ಕೆ ವಾಪಸು ಹೋಗುವಾಗ ಕಾರನ್ನು ಡ್ರೈವರಿಗೇ ಬಿಟ್ಟುಕೊಟ್ಟು ಹೋದರು. ಅಣ್ಣ ಅದನ್ನು ಆಸೆಪಟ್ಟು ಮನೆಗೆ ತಂದದ್ದು ತಂಗಿಗೋಸ್ಕರ. ಕ್ಲಚ್ ಇಲ್ಲದ ಕಾರಿಗೆ ಒಂದು ಬಲಗಾಲು ಸಾಕು. ಅದುವರೆಗೆ ಎರಡೆರಡು ಬಸ್ಸು ಬದಲಾಯಿಸಿ, ಮೆಟ್ಟಿಲ ಮೇಲೆ ಎಡವಿ ಬಿದ್ದು, ಕಂಡಕ್ಟರನಿಂದ "ಬೇಗ ಹತ್ತಮ್ಮ" ಎನ್ನಿಸಿಕೊಂಡು ಶಾಲೆಗೆ ಹೋಗುತ್ತಿದ್ದ ತಂಗಿಗೆ ತಾನೇ ಡ್ರೈವಿಂಗ್ ಕಲಿಸಿದ. ಅವಳ ಕೈಗೆ ಲೈಸೆನ್ಸ್ ಬಂದ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ಅವನೊಬ್ಬನೇ ಕಾರು ತೆಗೆದುಕೊಂಡು ನಂಜನಗೂಡಿಗೆ ಹೊರಟ. ಆ ಏರಿನಲ್ಲಿ ಅವನ ಎದೆ ನಿಂತುಹೋಯಿತು.

"ಹೊಲದಲ್ಲಿದ್ದವರು ನೋಡಿದಾಗ ಕಾರು ಕಲ್ಲಿಗೆ ಮೂತಿ ಇಟ್ಟಿತ್ತಂತೆ. ಅಣ್ಣ ಸ್ಟೀರಿಂಗ್ ಮೇಲೆ ತಲೆ ಇಟ್ಟಿದ್ದನಂತೆ. ಎಂಜಿನ್ ಓಡ್ತಾನೇ ಇತ್ತು, ಮುಂದಿನ ಚಕ್ರ ಮೆಲ್ಲಗೆ ಮಣ್ಣು ಕೆದಕ್ತಾನೇ ಇತ್ತು. ಅದನ್ನ ಹೆಂಗೆ ನಿಲ್ಸೋದು ಅಂತ ಅಲ್ಲಿ ಯಾರಿಗೂ ಗೊತ್ತಾಗಿಲ್ಲ."

ನನ್ನ ಪಕ್ಕದ ವೆಲ್ಡಿಂಗ್ ಅಂಗಡಿಯವನು ಅಷ್ಟು ಹೊತ್ತೂ ತನ್ನ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಅಲ್ಲಿಂದಲೇ ಸೇರಿಸಿದ: "ಮನ್ಸ ಓಗ್ಬುಟ್ಟವ್ನೆ, ಕಾರು ನಡೀತಾ ಅದೆ! ಸುತ್ತ ಹತ್ತೂರಿಗೆ ಗೊತ್ತು ಕಣಣ್ಣ ಇದು."

ಆಮೇಲೆ ಆರು ತಿಂಗಳು ಕಾರು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಮತ್ತೆ ಹೊರಗೆ ತೆಗೆದವರು ಟೀಚರಮ್ಮ. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಅದೇ ಏರಿನಲ್ಲಿ, ಅದೇ ಕಲ್ಲಿನ ಹತ್ತಿರ ಕಾರು ಕೈಕೊಟ್ಟಿತು. ಎಂಜಿನ್ ಜೋರಾಗಿ ಕೂಗಿಕೊಳ್ಳುತ್ತದೆ, ಕಾರು ಮಿಸುಕುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಹೋಗುತ್ತದೆ. ವಾಪಸು ಊರಿಗೆ ಹೋಗುವಾಗ ಏನೂ ತೊಂದರೆಯಿಲ್ಲ, ಅಣ್ಣ ಬರುತ್ತಿದ್ದ ದಿಕ್ಕಿನಲ್ಲಿ ಬಂದರೆ ಮಾತ್ರ ನಿಲ್ಲುತ್ತದೆ. ನಿಂತ ಜಾಗದಲ್ಲಿ ಡಾಂಬರಿನ ಮೇಲೆ ಕೆಂಪು ಹನಿ. ಹನಿ ನೋಡಿದ ಅಕ್ಕಪಕ್ಕದ ಹಳ್ಳಿಯ ಹೆಂಗಸರು ಕಲ್ಲಿಗೆ ಅರಿಸಿನ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದಿಟ್ಟರು.

"ಇನ್ನೊಂದು ಸಲ ಅಲ್ಲಿ ನಿಂತರೆ ಗುಜರಿಯವನನ್ನ ಕರೆಸಿ ತುಂಡು ಮಾಡಿಸ್ತೀನಿ ಅಂದಿದಾರೆ ನಮ್ಮಪ್ಪ. ಇವತ್ತು ನಿಂತಿದೆ, ಅಲ್ಲಿ ಕಾಯೋದು ಬೇಡ ಅಂತ ಎಳೆಸ್ಕೊಂಡು ಬಂದೆ. ಅಪ್ಪನ ಕೈಕಾಲು ಹಿಡ್ಕೊಂಡು ಈ ತಿಂಗಳು ಮುಗಿಯೋವರೆಗೂ ತಡೀತೀನಿ. ಈ ಕಾರು ಹೋದರೆ ನನ್ನ ಕೆಲಸ ಹೋದ ಹಾಗೇ ಮೇಸ್ತ್ರಿ. ಮತ್ತೆ ಬಸ್ಸು ಹತ್ತೋಕೆ ನನ್ನ ಕೈಲಿ ಆಗಲ್ಲ."

ನಾನು ದೇವರು, ದೆವ್ವ ಎರಡನ್ನೂ ಅರ್ಧರ್ಧ ನಂಬುವವನು. ಆದರೆ ಕೆಂಪು ಹನಿ ಎಂದರೆ ಎಣ್ಣೆ ಎಂದು ತಿಳಿಯದಷ್ಟು ದಡ್ಡನಲ್ಲ. ಈ ಥರದ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ ಕೆಂಪಗಿರುತ್ತದೆ ಎಂದು ಕೇಳಿದ್ದೆ. ಕ್ಲಚ್ ಮಾಡುವ ಕೆಲಸವನ್ನೆಲ್ಲ ಅಲ್ಲಿ ಎಣ್ಣೆಯೇ ಮಾಡುತ್ತದೆ. ಎಣ್ಣೆ ಕಮ್ಮಿಯಾದರೆ ಎಂಜಿನ್ ಸುಮ್ಮನೆ ಕೂಗುತ್ತದೆ, ಚಕ್ರಕ್ಕೆ ಬಲ ಸಿಗುವುದಿಲ್ಲ. ಸೋರಿದೆ, ಕಮ್ಮಿಯಾಗಿದೆ, ತುಂಬಿಸಿದರಾಯಿತು. ಎರಡು ದಿನದಲ್ಲಿ ಕೊಡ್ತೀನಿ ಬಿಡಿ ಮೇಡಂ ಎಂದು ದೊಡ್ಡದಾಗಿ ಹೇಳಿಬಿಟ್ಟೆ.

ಎಣ್ಣೆ ನೋಡುವುದಕ್ಕೆ ನಮ್ಮ ಕಡೆ ಒಂದು ಪದ್ಧತಿ. ಬೆಳಗ್ಗೆ, ದಿನದ ಮೊದಲ ಸೆಲ್ಫ್ ಹೊಡೆಯುವ ಮುಂಚೆ, ಗಾಡಿ ತಣ್ಣಗಿರುವಾಗ ನೋಡಬೇಕು. ಕೀ ನೋಡುವವನ ಅಂಗಿ ಜೇಬಿನಲ್ಲಿರಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಬಲಗೈಯ ಎರಡು ಬೆರಳು ಇರಲಿಲ್ಲ. ಅವರು ಬಾನೆಟ್ಟಿನೊಳಗೆ ಕೈಯಿಟ್ಟಿದ್ದಾಗ ಯಾವನೋ ಪುಣ್ಯಾತ್ಮ ಒಳಗೆ ಕೂತು ಸೆಲ್ಫ್ ಹೊಡೆದಿದ್ದ. ಟ್ಯೂನಿಂಗ್ ಒಂದು ಬಿಟ್ಟರೆ ಬೇರೆ ಯಾವುದಕ್ಕೂ ಓಡುವ ಎಂಜಿನ್ನಿನೊಳಗೆ ಕೈ ಹಾಕಕೂಡದು, ಕೀ ಜೇಬಿಗೆ ಹಾಕಿಕೊಂಡು ಎರಡು ಸಲ ತಟ್ಟಿ ನೋಡಿಕೊಂಡೇ ಬಗ್ಗಬೇಕು ಎಂದು ನಮ್ಮ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು. ಈ ಸಾಲಿನ ಗ್ಯಾರೇಜಿನವರೆಲ್ಲ ಅವರ ಶಿಷ್ಯರೇ.

ಮಾರನೆಯ ಬೆಳಗ್ಗೆ ಹಾಗೇ ಮಾಡಿದೆ. ಕೀ ಜೇಬಿಗೆ ಹಾಕಿ, ತಟ್ಟಿಕೊಂಡು, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಗೇಜ್ ಕಡ್ಡಿ ಎಳೆದೆ. ಕೆಂಪು ಎಣ್ಣೆ ಕಡ್ಡಿಯ ಮೇಲಿನ ಗೀಟನ್ನೂ ದಾಟಿ ನಿಂತಿತ್ತು. ಒರೆಸಿ ಮತ್ತೆ ನೋಡಿದೆ. ಅಷ್ಟೇ ಇತ್ತು. ಸೋರುವ ಕಾರಿನಲ್ಲಿ ಎಣ್ಣೆ ಗಂಟಲಮಟ್ಟ ತುಂಬಿದೆ! ಕಾರಿನ ಕೆಳಗೆ ರಾತ್ರಿಯಿಡೀ ಹಾಸಿಟ್ಟ ರಟ್ಟಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಟೀಚರಮ್ಮನ ಜೊತೆ ಕಾರಿನಲ್ಲಿ ಆ ಜಾಗಕ್ಕೆ ಹೋದೆ. ಹೋಗುವಾಗ ಏರು ನಮಗೆ ಇಳಿಜಾರು, ಸಲೀಸಾಗಿ ಇಳಿದು ನರಸೀಪುರದವರೆಗೂ ಹೋಗಿ ತಿರುಗಿಸಿಕೊಂಡು ಬಂದೆವು. ನಾಲೆ ದಾಟಿತು. ಏರು ಶುರುವಾಯಿತು. ಕಲ್ಲು ಕಣ್ಣಿಗೆ ಬಿತ್ತು. ಕಲ್ಲಿಗೆ ಇನ್ನೇನು ನಾಲ್ಕು ಮಾರು ಎನ್ನುವಾಗ ಎಂಜಿನ್ ಒಮ್ಮೆಲೇ ಕಿರುಚಿಕೊಂಡಿತು, ಕಾರು ಉಸಿರು ಬಿಟ್ಟವರ ಹಾಗೆ ಸೋತು ನಿಂತಿತು.

ಮಟಮಟ ಮಧ್ಯಾಹ್ನ. ಕರೆಂಟು ಹೋಗಿತ್ತೋ ಏನೋ, ಗದ್ದೆಗಳ ಪಂಪ್‌ಸೆಟ್ಟು ಒಂದೂ ಸದ್ದು ಮಾಡುತ್ತಿರಲಿಲ್ಲ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಕಲ್ಲಿನ ಮೈಗೆ ಬಳಿದ ಕುಂಕುಮ ಬಿಸಿಲಿಗೆ ಕಪ್ಪಾಗಿತ್ತು, ಅದರ ಬುಡದಲ್ಲಿ ನಿಂಬೆಹೋಳು ಒಣಗಿ ಮುದುಡಿತ್ತು. ನಾನು ಇಳಿದು ಬಗ್ಗಿ ನೋಡಿದೆ. ಮುಂದಿನ ಚಕ್ರಗಳ ನಡುವೆ ಒಂದು ಕೆಂಪು ಹನಿ ಆಗತಾನೇ ಬಿದ್ದು, ಡಾಂಬರಿನ ಮೇಲೆ ಹರಡಿಕೊಳ್ಳುತ್ತಿತ್ತು. ನನ್ನ ಮೈಯ ಕೂದಲೆಲ್ಲ ನೆಟ್ಟಗಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಎಂಜಿನ್ ನಿಲ್ಲಿಸಲು ಹೇಳಿ, ಕೀ ಇಸಿದುಕೊಂಡು ಜೇಬಿಗೆ ಹಾಕಿ, ಅಲ್ಲೊಂದು ಗೊಬ್ಬಳಿ ಮರದ ನೆರಳಲ್ಲಿ ಕೂತೆವು. ಬಿಸಿ ಆರಿದ ಮೇಲೆ ಬಾನೆಟ್ಟು ಎತ್ತಿ ಕಡ್ಡಿ ಎಳೆದೆ. ಎಣ್ಣೆ ಭರ್ತಿ! ನಿಂತುಹೋದ ಗೇರ್‌ಬಾಕ್ಸಿನಲ್ಲಿ ಭರ್ತಿ ಎಣ್ಣೆ.

ಕೀ ವಾಪಸು ಕೊಟ್ಟೆ. ಟೀಚರಮ್ಮ ಸ್ಟಾರ್ಟ್ ಮಾಡಿ ಡಿಗೆ ಹಾಕಿದರು. ಕಾರು ಅಲುಗಲಿಲ್ಲ. ವಿಜ್ಞಾನದ ಟೀಚರು, ದೆವ್ವಗಿವ್ವ ಎಂದರೆ ರೇಗುವವರು, ಸ್ಟೀರಿಂಗಿನ ಮೇಲೆ ಕೈಯಿಟ್ಟು ಬಹಳ ಮೆಲ್ಲಗೆ "ಬಿಡಣ್ಣ" ಎಂದರು.

ಕಾರು ಹೊರಟಿತು.

ನಾವಿಬ್ಬರೂ ಗ್ಯಾರೇಜ್ ಬರುವವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಿಂದಿನ ಸೀಟಿನ ಕಡೆಗಂತೂ ನಾನು ತಿರುಗಲೇ ಇಲ್ಲ.

ಕಾರನ್ನು ನನ್ನ ಹತ್ತಿರವೇ ಬಿಟ್ಟು ಅವರು ಒಂದು ಆಟೋ ಗೊತ್ತುಮಾಡಿಕೊಂಡು ಓಡಾಡತೊಡಗಿದರು. ಎಣ್ಣೆಯಲ್ಲ ಎಂದಾದ ಮೇಲೆ ಬೇರೆ ಎಲ್ಲವನ್ನೂ ನೋಡಿದೆ. ಗೇರ್ ಕಡ್ಡಿಯಿಂದ ಕೆಳಗೆ ಹೋಗುವ ಕೇಬಲ್ಲನ್ನು ಬಿಚ್ಚಿ, ಸರಿಮಾಡಿ ಕಟ್ಟಿದೆ. ಆಕ್ಸಿಲರೇಟರಿನ ಕೇಬಲ್ ಬಿಗಿ ಮಾಡಿದೆ. ಪೆಟ್ರೋಲಿನ ಫಿಲ್ಟರ್ ಊದಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ದಿಕ್ಕು ತೋಚದವನು ಎಲ್ಲವನ್ನೂ ಊದುತ್ತಾನೆ. ಕಾರಿನ ಹೊಟ್ಟೆಗೆ ಎಣ್ಣೆ ಕುಡಿದ ಧೂಳು ರೊಟ್ಟಿಯ ಹಾಗೆ ಹತ್ತಿಕೊಂಡಿತ್ತು. ಅದನ್ನು ಕೆರೆದು ತೆಗೆದು, ಹಳೆಯ ಕಾರು, ಎಲ್ಲ ಕಾರಿಗೂ ಇರುತ್ತದೆ ಎಂದುಕೊಂಡೆ. ಮೈಸೂರಿಗೆ ಬಸ್ಸು ಹತ್ತಿ ಹೋಗಿ, ಅಂಗಡಿ ಅಂಗಡಿ ಅಲೆದು ಕೆಂಪು ಎಣ್ಣೆಯ ಎರಡು ಡಬ್ಬವನ್ನೂ ತಂದಿಟ್ಟೆ. ತುಂಬಿದ ಗೇರ್‌ಬಾಕ್ಸಿಗೆ ಅದನ್ನು ಎಲ್ಲಿ ಹುಯ್ಯಲಿ? ಡಬ್ಬ ಮೂಲೆಯಲ್ಲಿ ಕೂತವು.

ಆ ವಾರದಲ್ಲೇ ಅದು ನನ್ನ ಮೇಲೆ ಬಂದದ್ದು.

ಕಾರನ್ನು ಚೆನ್ನಾಗಿ ಓಡಿಸಿ ತಂದು ಗ್ಯಾರೇಜಿನ ಗೋಡೆಯ ಕಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದೆ. ಇನ್ನೊಂದಿಷ್ಟು ಮುಂದಕ್ಕೆ ಬಿಡೋಣವೆಂದು ಡಿಗೆ ಹಾಕಿದರೆ ಚಲನೆಯಿಲ್ಲ. ಆಕ್ಸಿಲರೇಟರ್ ಒತ್ತಿದೆ, ಬಿಟ್ಟೆ, ಏನೂ ಇಲ್ಲ. ಸತ್ತ ಗಾಡಿ. ಎಂಜಿನ್ ಓಡುತ್ತಿರುವಾಗಲೇ ಇಳಿದು, ಚಕ್ರದ ಆಕ್ಸಲ್ಲಾದರೂ ತಿರುಗುತ್ತಿದೆಯೇ ಎಂದು ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಒಳಗೆಲ್ಲೋ ಧಡ್ ಎಂದು ಸದ್ದಾಯಿತು. ಕಾರು ಒಂದು ಸಲ ಮೈಕೊಡವಿ ಮುಂದಕ್ಕೆ ಬಂತು. ಆತುರವಿಲ್ಲ, ರಭಸವಿಲ್ಲ, ನಡೆದು ಬರುವ ಹಾಗೆ ಬಂತು. ಸ್ಟೀರಿಂಗ್ ಹಿಂದೆ ಯಾರೂ ಇಲ್ಲ. ನಾನು ಕೂತಲ್ಲಿಂದ ಪಕ್ಕಕ್ಕೆ ಉರುಳಿದೆ. ಗೋಡೆಗೆ ಪೇರಿಸಿಟ್ಟಿದ್ದ ಟ್ರ್ಯಾಕ್ಟರಿನ ಟೈರುಗಳಿಗೆ ಬಂಪರ್ ತಾಗಿಸಿಕೊಂಡು, ಮುಂದಿನ ಚಕ್ರಗಳಲ್ಲಿ ಮಣ್ಣು ಕೆದಕುತ್ತ ಅದು ಅಲ್ಲೇ ನೂಕುತ್ತ ನಿಂತಿತು. ಕಲ್ಲಿನ ಹತ್ತಿರ ಜನ ಏನನ್ನು ನೋಡಿದ್ದರು ಎಂಬುದು ನನಗೆ ಆಗ ಗೊತ್ತಾಯಿತು.

ವೆಲ್ಡಿಂಗಿನವನು ಓಡಿಬಂದು ಕಿಟಕಿಯಿಂದ ಕೈಹಾಕಿ ಕೀ ತಿರುಗಿಸಿದ.

"ಬ್ಯಾಡ ಕಣಣ್ಣೋ, ಕಳುಸ್ಬುಡು ಇದ್ನ! ಎಂಡ್ತಿ ಮಕ್ಳು ಇರೋನು ನೀನು!"

"ಗೇರ್‌ಬಾಕ್ಸ್ ಕಾಯಿಲೆ ಕಣೋ ಇದು."

"ಕಾಯ್ಲೆ ಬಂದಿರೋದು ನಿಂಗೆ" ಎಂದು ಬೈದು, ಬಂಪರಿಗೆ ನಿಂಬೆಹಣ್ಣು ಕಟ್ಟಿಯೇ ಹೋದ. ಆಮೇಲೆ ಸಾಲಿನವರು ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ರಸ್ತೆಯ ಆಚೆ ಬದಿಗೆ ಸರಿಯತೊಡಗಿದರು.

ಟೀಚರಮ್ಮನ ತಂದೆ ಬಂದದ್ದು ಇದಾದ ಮೇಲೆ. ಮಗಳಿಗೆ ತಿಳಿಯದ ಹಾಗೆ ಬಸ್ಸಿನಲ್ಲಿ ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಹೊಲದಲ್ಲಿ ದುಡಿದು ಗಂಟುಗಟ್ಟಿದ ಕೈ. ಕಾರಿಗೆ ಬೆನ್ನುಹಾಕಿ ಟೈರಿನ ಮೇಲೆ ಕೂತರು.

"ನಿನ್ ಮೇಲೂ ಬಂತಂತಲ್ಲಪ್ಪ."

"ಹೂಂ ಯಜಮಾನ್ರೇ."

"ನೋಡು ಮೇಸ್ತ್ರಿ, ಒಂದ್ ಮಾತು ನಡೆಸ್ಕೊಡು. ರಿಪೇರಿ ಆಗಕಿಲ್ಲ ಅಂತ ನನ್ ಮಗ್ಳಿಗೆ ಯೋಳ್ಬುಡು. ನಾನ್ ಯೋಳುದ್ರೆ ಕೇಳಲ್ಲ ಅವ್ಳು. ನೀನ್ ಯೋಳುದ್ರೆ ಕೇಳ್ತಾಳೆ."

ಅವರೇ ಮುಂದುವರಿಸಿದರು.

"ನನ್ ಮಗ ಅದ್ರೊಳ್ಗೆ ಕುಂತವ್ನೆ. ತಂಗೀಗೆ ಕೆಟ್ಟದ್ ಮಾಡ್ಬೇಕು ಅಂತಲ್ಲ, ಅಂಥೋನಲ್ಲ ಅವ್ನು. ಅವ್ನಿಗೆ ಇಳಿಯಕ್ಕೆ ಆಯ್ತಿಲ್ಲ, ಅಷ್ಟೆಯ. ಒಬ್ನ ಕಳ್ಕಂಡಿವ್ನಿ. ಇವ್ಳನ್ನೂ ಅದೇ ಸೀಟಲ್ಲಿ ಕೂರ್ಸಿ ಕಳುಸ್ಲಾ? ಕೆಲ್ಸ ಓದ್ರೆ ಓಯ್ತದೆ, ಮಗ್ಳು ಇರ್ತಾಳಲ್ಲ."

ಅವರ ಕಣ್ಣಲ್ಲಿ ನೀರಿರಲಿಲ್ಲ. ಮಗ ಹೋದಾಗಲೂ ಅಪ್ಪ ಅಳಲಿಲ್ಲ ಎಂದು ಟೀಚರಮ್ಮ ಹೇಳಿದ್ದರು. ಅವರ ಮಾತು ತಪ್ಪೆನಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೂ ಆ ಕಾರು ಹೋದರೆ ಸಾಕಾಗಿತ್ತು. ಆಗುವುದಿಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯಿತು.

"ನನಗೂ ಬಗೆಹರೀತಿಲ್ಲ ಯಜಮಾನ್ರೇ" ಎಂದೆ. "ಎಣ್ಣೆ ಇಲ್ಲದ ಗಾಡಿ ಆಡೋ ಥರಾನೇ ಆಡ್ತದೆ. ನೋಡಿದ್ರೆ ಎಣ್ಣೆ ತುಂಬಿ ತುಳುಕ್ತಾ ಇರ್ತದೆ."

ಅವರು ಬೇಸರದ ನಗೆ ನಕ್ಕರು. "ನಮ್ ಬಾವೀನೂ ಅಂಗೇಯ. ಬೆಳಿಗ್ಗೆ ಬಗ್ಗಿ ನೋಡುದ್ರೆ ಕೈಗೆ ಎಟುಕ್ತದೆ ನೀರು. ಮೋಟ್ರು ಆಕಿ ಗಳಿಗೆ ಆಗಿಲ್ಲ, ಬುಸ್ ಅಂತ ಗಾಳಿ ಎಳೀತದೆ. ಆಫ್ ಮಾಡಿ ಒಂದ್ ಬೀಡಿ ಸೇದ್ಕಂಡ್ ಬಂದ್ರೆ ತಿರ್ಗಾ ನೀರು ಬಂದ್ ಕುಂತಿರ್ತದೆ. ಏನ್ ಮಾಡದು? ಇದ್ದಂಗೂ ಅದೆ, ಇಲ್ದಂಗೂ ಅದೆ."

ಅವರು ಬೇರೇನೋ ಹೇಳುತ್ತಲೇ ಇದ್ದರು, ನನಗೆ ಕೇಳಿಸಲಿಲ್ಲ. ಬಾವಿಯ ನೀರು ಮೋಟಾರ್ ನಿಂತಾಗ ಎಷ್ಟಿದ್ದರೇನು, ಓಡುವಾಗ ಎಷ್ಟಿರುತ್ತದೆ ಎನ್ನುವುದೇ ಲೆಕ್ಕ. ಗೇರ್‌ಬಾಕ್ಸಿನಲ್ಲೂ ಒಂದು ಪಂಪ್ ಇರುತ್ತದೆ. ಎಂಜಿನ್ ಓಡುತ್ತಿದ್ದರೆ ಅದು ಎಣ್ಣೆಯನ್ನು ಎಳೆದು ಮೇಲಿನ ಕೋಣೆ, ಪೈಪುಗಳಿಗೆಲ್ಲ ತುಂಬುತ್ತದೆ. ಎಂಜಿನ್ ನಿಂತರೆ ಅಷ್ಟೂ ಕೆಳಗಿನ ತಟ್ಟೆಗೆ ಇಳಿದು ಬರುತ್ತದೆ. ನಾನು ಯಾವತ್ತೂ ನೋಡಿದ್ದು ನಿಂತ ಬಾವಿಯನ್ನು. ಓಡುವ ಬಾವಿಯನ್ನು ನೋಡಬೇಕಾದರೆ ಕೀ ಜೇಬಿನಿಂದ ಹೊರಗೆ ಬರಬೇಕು. ಯಾರಾದರೂ ಒಳಗೆ ಕೂತು ಎಂಜಿನ್ ಓಡಿಸುತ್ತಿರಬೇಕು. ನಾನು ಅದರ ಮುಂದೆ, ನನ್ನ ಮೇಲೆ ಒಂದು ಸಲ ಬಂದ ಕಾರಿನ ಮುಂದೆ, ಬಾನೆಟ್ಟಿನೊಳಗೆ ಬಗ್ಗಿ ನಿಂತಿರಬೇಕು.

"ಭಾನುವಾರ ಮಗಳನ್ನ ಕರ್ಕೊಂಡು ಬನ್ನಿ, ಅವರೆದುರೇ ಹೇಳ್ತೀನಿ" ಎಂದು ಯಜಮಾನರನ್ನು ಕಳಿಸಿದೆ. ಆಗುವುದಿಲ್ಲ ಎಂದು ಹೇಳುತ್ತೇನೆಂದು ಅವರು ತಿಳಿದುಕೊಂಡರು. ನಾನೂ ಬಿಡಿಸಿ ಹೇಳಲಿಲ್ಲ. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಸುಳ್ಳು ಹೇಳಿದರೆ ಒಬ್ಬ ತಂದೆಗೆ ನೆಮ್ಮದಿ. ಹೇಳದಿದ್ದರೆ, ನನ್ನ ಲೆಕ್ಕ ತಪ್ಪಿ ಅವರ ಮಗಳಿಗೆ ಏನಾದರೂ ಆದರೆ, ನಾನು ಯಾರ ಮುಖ ನೋಡಲಿ? ಆದರೆ ಆ ಹೆಣ್ಣುಮಗಳು ಊರುಗೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್ಸಿನ ಮೆಟ್ಟಿಲು ಹಿಡಿದು ತೂಗಾಡುವುದು ಕಣ್ಣಮುಂದೆ ಬರುತ್ತಿತ್ತು. ನೋಡದೆಯೇ ಆಗುವುದಿಲ್ಲ ಎನ್ನಲು ನನ್ನ ನಾಲಿಗೆ ಒಪ್ಪಲಿಲ್ಲ. ನೋಡೇಬಿಡೋಣ ಎಂದು ಗಟ್ಟಿ ಮಾಡಿಕೊಂಡೆ.

ಭಾನುವಾರ ಇಬ್ಬರೂ ಬಂದರು. ಎಣ್ಣೆ ನೋಡುವಾಗ ನೆಲ ಸಮವಾಗಿರಬೇಕೆಂದು ಎದುರಿನ ಅಕ್ಕಿ ಗಿರಣಿಯವರನ್ನು ಕೇಳಿ, ಭತ್ತ ಒಣಗಿಸುವ ಅವರ ಸಿಮೆಂಟು ಕಣಕ್ಕೆ ಕಾರು ತಂದಿದ್ದೆ. ತಣ್ಣಗಿನ ಎಣ್ಣೆ ಕುಗ್ಗಿರುತ್ತದೆ, ಅದಕ್ಕೆ ಮೊದಲು ಒಂದಷ್ಟು ದೂರ ಓಡಿಸಿ ಬಿಸಿಮಾಡಿಕೊಂಡು ಬಂದಿದ್ದೆ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆ. ಹ್ಯಾಂಡ್‌ಬ್ರೇಕ್ ಎಳೆದೆ. ಕೀಯನ್ನು ಜೇಬಿನಿಂದ ತೆಗೆದು ಟೀಚರಮ್ಮನ ಕೈಗಿಟ್ಟೆ.

"ಮೇಡಂ, ಬ್ರೇಕ್ ಮೇಲೆ ಕಾಲಿಟ್ಟು ಸ್ಟಾರ್ಟ್ ಮಾಡಿ. ನಾನು ಹೇಳಿದ ಹಾಗೆಲ್ಲ ಗೇರ್ ಬದಲಾಯಿಸಿ. ಏನೇ ಆಗಲಿ, ಕಾಲು ತೆಗೀಬೇಡಿ."

"ನೀವು ಮುಂದೆ ನಿಲ್ತೀರಾ?"

"ನಿಲ್ಲಲೇಬೇಕು."

ಅವರು ನನ್ನ ಮುಖವನ್ನೇ ನೋಡಿದರು. "ನನಗಿರೋದು ಒಂದೇ ಕಾಲು ಮೇಸ್ತ್ರಿ."

"ಅದೊಂದು ಗಟ್ಟಿಯಾಗಿದ್ರೆ ಸಾಕು ಮೇಡಂ."

ಯಜಮಾನರಿಗೆ ಆಗ ಅರ್ಥವಾಯಿತು. "ಏಯ್, ಏನ್ ಮಾಡ್ತಿದ್ದೀಯಪ್ಪ? ಯೋಳ್ತೀನಿ ಅಂದೋನು!" ಎಂದು ಕೂಗಿದರು. ಅಷ್ಟರಲ್ಲಿ ಎಂಜಿನ್ ಶುರುವಾಗಿತ್ತು.

ಪಿಯಿಂದ ಆರ್‌ಗೆ ಎಂದೆ. ಕಾರಿನ ಮೈ ಒಂದು ಸಲ ಹಿಂದಕ್ಕೆ ಜಗ್ಗಿತು. ಎನ್‌ಗೆ ಎಂದೆ, ಸಡಿಲವಾಯಿತು. ಡಿಗೆ ಎಂದೆ. ಏನೂ ಆಗಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸುತ್ತ ನಿಂತೆ. ಧಡ್! ಇಡೀ ಕಾರು ನನ್ನ ಕಡೆ ಬಾಗಿ, ಬ್ರೇಕಿಗೆ ಎದೆಕೊಟ್ಟು ನಿಂತಿತು. ಗಾಜಿನ ಆಚೆ ಟೀಚರಮ್ಮನ ಮುಖ ಬಿಳಿಚಿಕೊಂಡಿತ್ತು, ಕಾಲಿನ ನಡುಕ ಹೆಗಲವರೆಗೂ ಬಂದಿತ್ತು. ಪಕ್ಕದ ಸೀಟು ಖಾಲಿ, ಹಿಂದಿನದೂ ಖಾಲಿ. ಎಲ್ಲ ಗೇರುಗಳಿಗೂ ಎಣ್ಣೆ ಹೋಗಿ ಬಂದಾಯಿತು, ಪಿಗೆ ತನ್ನಿ ಎಂದೆ. ಎಂಜಿನ್ ಓಡುತ್ತಲೇ ಇತ್ತು. ತೋಳು ಮಡಿಸಿಕೊಂಡು, ಫ್ಯಾನಿನ ಪಕ್ಕದಿಂದ ಕೈಹಾಕಿ ಕಡ್ಡಿ ಎಳೆದೆ. ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಳಗಿಟ್ಟು, ಮತ್ತೆ ಎಳೆದೆ.

ಕಡ್ಡಿ ಒಣಗಿತ್ತು! ತುದಿಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ.

"ಇಲ್ಲ ಮೇಡಂ! ಎಣ್ಣೆ ಇಲ್ಲ!" ಎಂದು ನಾನು ಗಿರಣಿಯೆಲ್ಲ ಕೇಳುವಂತೆ ಅರಚಿದೆ. ಎಣ್ಣೆ ಇಲ್ಲ ಎಂದು ಅಷ್ಟು ಸಂತೋಷಪಟ್ಟ ಮೆಕ್ಯಾನಿಕ್ ಬೇರೆ ಯಾರೂ ಇರಲಾರ.

ಬಗ್ಗಿದವನಿಗೆ ಇನ್ನೊಂದೂ ಕಾಣಿಸಿತು. ಗೇರ್‌ಬಾಕ್ಸಿನ ಎಣ್ಣೆ ತಣ್ಣಗಾಗಲು ರೇಡಿಯೇಟರಿಗೆ ಹೋಗಿ ಬರುವ ಸಣ್ಣ ಪೈಪು, ಕಾರಿನ ಮೂತಿಯ ಹಿಂದೆ, ಕಲ್ಲಿಗೆ ತಾಗಿದ್ದ ಕಡೆ ಒಳಕ್ಕೆ ನುಗ್ಗಿತ್ತು. ನುಗ್ಗಿದಲ್ಲಿ ಕೂದಲೆಳೆಯಷ್ಟು ಬಿರುಕು. ಎಂಜಿನ್ ಓಡಿ ಒತ್ತಡ ಬಂದಾಗ ಮಾತ್ರ ಅಲ್ಲಿ ಕೆಂಪು ಮಣಿಯೊಂದು ಊದಿಕೊಂಡು ಉದುರುತ್ತಿತ್ತು. ಓಡುವಾಗ ಗಾಳಿಗೆ ಹಾರಿ ಹೊಟ್ಟೆಯ ಧೂಳಿಗೆ ಮೆತ್ತಿಕೊಳ್ಳುತ್ತಿತ್ತು. ನಿಲ್ಲಿಸಿ ನೋಡಿದವರಿಗೆ ಏನೂ ಇಲ್ಲ. ಉಳಿದಿದ್ದ ಚೂರು ಎಣ್ಣೆ ನರಸೀಪುರದಿಂದ ಅಷ್ಟು ದೂರ ಬರುವಷ್ಟರಲ್ಲಿ ಕಾದು ನೀರಾಗಿ, ಏರಿನಲ್ಲಿ ತಟ್ಟೆಯ ಹಿಂದಕ್ಕೆ ಸರಿದು, ಪಂಪು ಗಾಳಿ ಎಳೆದುಬಿಡುತ್ತಿತ್ತು.

ಆ ಬಿರುಕನ್ನು ಯಜಮಾನರಿಗೆ ತೋರಿಸಿದೆ. "ಇದು ಆವತ್ತು ಕಲ್ಲಿಗೆ ತಾಗಿ ಆಗಿರೋ ಗಾಯ ಯಜಮಾನ್ರೇ. ಅಲ್ಲಿಂದ ಸೋರ್ತಾನೇ ಇದೆ." ಅವರು ಬಿರುಕನ್ನು ಬೆರಳಲ್ಲಿ ಮುಟ್ಟಿ, ಬೆರಳಿಗಾದ ಕೆಂಪನ್ನು ಬಹಳ ಹೊತ್ತು ನೋಡಿದರು. ಒರೆಸಿಕೊಳ್ಳಲಿಲ್ಲ.

ವೆಲ್ಡಿಂಗಿನವನು ಬೈದುಕೊಂಡೇ ಬಂದು ಪೈಪಿನ ಕೆಟ್ಟ ಭಾಗ ಕತ್ತರಿಸಿ, ಹಿತ್ತಾಳೆ ಕಾಯಿಸಿ ಬೆಸೆದುಕೊಟ್ಟ. ಎಂಜಿನ್ ಮತ್ತೆ ಶುರುಮಾಡಿಸಿ, ಕಡ್ಡಿಯ ತೂತಿಗೆ ಉದ್ದ ಕೊಳವೆಯ ಆಲಿಕೆ ಇಟ್ಟು ಮೈಸೂರಿನಿಂದ ತಂದ ಎಣ್ಣೆ ಹುಯ್ದೆ. ಒಮ್ಮೆಗೇ ಹುಯ್ಯುವ ಹಾಗಿಲ್ಲ, ಹೆಚ್ಚಾದರೆ ನೊರೆಯೆದ್ದು ಮತ್ತೆ ಅದೇ ಕಥೆ. ಒಂದು ಲೋಟದಷ್ಟು ಹುಯ್ಯುವುದು, ಗೇರುಗಳನ್ನೆಲ್ಲ ಒಂದು ಸುತ್ತು ಹಾಕಿಸುವುದು, ಕಡ್ಡಿ ನೋಡುವುದು. ಕಡ್ಡಿಯಲ್ಲಿ ತಣ್ಣಗಿದ್ದಾಗ ನೋಡುವ ಗೀಟು ಬೇರೆ, ಬಿಸಿಯಿದ್ದಾಗ ನೋಡುವ ಗೀಟು ಬೇರೆ ಎನ್ನುವುದೂ ಆಗಲೇ ತಲೆಗೆ ಹೋದದ್ದು. ಬಿಸಿಯ ಗೀಟಿಗೆ ಎಣ್ಣೆ ಬಂದಾಗ ಡಿಗೆ ಹಾಕಿ ಎಂದೆ. ಕಾಯಲಿಲ್ಲ, ಧಡ್ ಎನ್ನಲಿಲ್ಲ. ಕಾರು ತಟ್ಟನೆ, ಮೆತ್ತಗೆ ಬ್ರೇಕಿಗೆ ಒರಗಿಕೊಂಡಿತು. ಟೀಚರಮ್ಮ ಗಾಜಿನ ಆಚೆ ನಗುತ್ತಿದ್ದರು, ಕೆನ್ನೆಯೆಲ್ಲ ನೀರು.

"ಕಲ್ಲಿನ ತಾವ್ಕೆ ಓಗ್ಬರನ" ಎಂದರು ಯಜಮಾನರು. ಅದುವರೆಗೆ ಆ ಕಾರಿನೊಳಗೆ ಅವರು ಕಾಲಿಟ್ಟಿರಲಿಲ್ಲ. ನನ್ನನ್ನು ಮುಂದೆ ಕೂರಿಸಿ ತಾವು ಹಿಂದೆ ಕೂತರು.

ನರಸೀಪುರದ ತನಕ ಹೋಗಿ ತಿರುಗಿದೆವು. ಮತ್ತೆ ಮಧ್ಯಾಹ್ನದ ಬಿಸಿಲು, ಮತ್ತೆ ಖಾಲಿ ರಸ್ತೆ. ನಾಲೆ ದಾಟಿತು. ಲೆಕ್ಕವೆಲ್ಲ ಗೊತ್ತಿದ್ದೂ ಏರಿನ ಬುಡದಲ್ಲಿ ನಾನು ಬಾಗಿಲ ಹಿಡಿಯನ್ನು ಹಿಡಿದುಕೊಂಡೆ. ಹಿಂದೆ ಯಜಮಾನರ ಉಸಿರು ಕೇಳಿಸುತ್ತಿತ್ತು. ಕಲ್ಲು ಬಂತು. ಎಂಜಿನ್ನಿನ ದನಿ ಬದಲಾಗಲಿಲ್ಲ. ಕುಂಕುಮ ಹಚ್ಚಿದ ಕಲ್ಲು ಕಿಟಕಿಯ ಪಕ್ಕ ಬಂದು, ಹಿಂದಕ್ಕೆ ಸರಿದು, ಹೋಯಿತು. ಕಾರು ಏರಿನ ತಲೆ ಮುಟ್ಟಿತು.

"ನಿಲ್ಸವ್ವ."

ಟೀಚರಮ್ಮ ನಿಲ್ಲಿಸಿದರು. ಯಜಮಾನರು ಇಳಿದು ಕಲ್ಲಿನ ಹತ್ತಿರಕ್ಕೆ ವಾಪಸು ನಡೆದರು. ಬಿಸಿಲಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹಿಂದೆ ಹೋದೆ. ಅವರು ಕಲ್ಲನ್ನು ನೋಡಲಿಲ್ಲ, ಡಾಂಬರನ್ನು ನೋಡಿದರು. ಹೊಸ ಹನಿ ಒಂದೂ ಇರಲಿಲ್ಲ.

"ಅವ್ಳು ಬಂದಾಗೆಲ್ಲ ಇಲ್ಲಿ ನಿಲ್ತಿತ್ತಲ್ಲ ಮೇಸ್ತ್ರಿ" ಎಂದರು. "ಭಯ ಆಯ್ತಿತ್ತು, ನಿಜ. ಆದ್ರೂ ಒಳ್ಗೊಳ್ಗೇ, ಅವ್ನೇ ನಿಲ್ಲುಸ್ತಾವ್ನೆ, ತಂಗಿ ಮೊಕ ನೋಡಕ್ಕೆ ನಿಲ್ಲುಸ್ತಾವ್ನೆ ಅನ್ಕತಿದ್ದೆ. ಇವತ್ತು ನಾನೂ ಬಂದಿವ್ನಿ. ನಿಲ್ಲುಸ್ನಿಲ್ವಲ್ಲಪ್ಪ ಯಾರೂ."

ಸರಿಮಾಡಿದ ಗಾಡಿಯ ಮುಂದೆ ನಿಂತು ಅಷ್ಟು ಸಂಕಟಪಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಅವರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು, ಮೈಯೆಲ್ಲ ಅಲುಗಿತು. ಮಗ ಸತ್ತ ದಿನದಿಂದ ತಡೆದುಕೊಂಡಿದ್ದ ಅಳು ಅಷ್ಟೂ ಆ ರಸ್ತೆಯ ಮಧ್ಯದಲ್ಲಿ ಹೊರಗೆ ಬಂತು.

ಅತ್ತು ಮುಗಿಸಿ, ಮುಖ ಒರೆಸಿಕೊಂಡು ಕಾರಿನ ಹತ್ತಿರ ಬಂದರು. ನನ್ನನ್ನು ಹಿಂದಿನ ಸೀಟಿಗೆ ಹೋಗು ಎಂದು ಕೈಸನ್ನೆ ಮಾಡಿ, ತಾವು ಮುಂದಿನ ಬಾಗಿಲು ತೆಗೆದು ಮಗಳ ಪಕ್ಕ ಕೂತರು.

"ನಡಿಯವ್ವ" ಎಂದರು. "ಇಲ್ಲಿ ಯಾರೂ ಇಲ್ಲ."